ಒಂದೇ ಡಬ್ಬಿಯ ಮಸಿ

ನನ್ನ ಗ್ಯಾರೇಜಿಗೆ ಹೆಸರು ಬಂದದ್ದು ನನ್ನ ಕೈಗುಣದಿಂದ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಬಂದದ್ದು ಒಂದು ಬಿಳಿ ಪಿಂಗಾಣಿ ತಟ್ಟೆಯಿಂದ. ಅಂಚಿನಲ್ಲಿ ಚಕ್ಕೆ ಎದ್ದ ಹಳೇ ತಟ್ಟೆ. ಕಾರಿನ ಇಂಜಿನ್ ಬಿಚ್ಚಿ ಒಳಗೆ ಕಟ್ಟಿಕೊಂಡ ಕಾರ್ಬನ್ ಕೆರೆದು ತೆಗೆದ ಮೇಲೆ ನಾನು ಅದನ್ನು ಚರಂಡಿಗೆ ಎಸೆಯುತ್ತಿರಲಿಲ್ಲ. ತಟ್ಟೆಗೆ ಸುರಿದು, ಗಾಡಿಯ ಯಜಮಾನರನ್ನು ಕರೆದು, ಅವರ ಮೂಗಿನ ಕೆಳಗೆ ಹಿಡಿಯುತ್ತಿದ್ದೆ. ಬಿಳಿಯ ಮೇಲೆ ಕರಿ ಎದ್ದು ಕಾಣುತ್ತದಲ್ಲ, ಯಜಮಾನರು ಕಣ್ಣರಳಿಸಿ ಅಯ್ಯಯ್ಯೋ ಎನ್ನುತ್ತಿದ್ದರು. ಆ ಅಯ್ಯಯ್ಯೋ ಕಿವಿಗೆ ಬಿದ್ದರೆ ಎರಡು ದಿನ ಬಗ್ಗಿ ದುಡಿದ ಬೆನ್ನುನೋವು ಇಳಿದುಹೋಗುತ್ತಿತ್ತು.

ಕಾರ್ಬನ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಪೆಟ್ರೋಲು ಪೂರ್ತಿ ಉರಿಯದೆ ಉಳಿದದ್ದು ಪಿಸ್ಟನ್ನಿನ ತಲೆಗೆ, ವಾಲ್ವುಗಳ ಬೆನ್ನಿಗೆ ಕರ್ರಗೆ ಹತ್ತಿಕೊಳ್ಳುತ್ತದೆ, ಹಾಲು ತಳ ಹಿಡಿದ ಪಾತ್ರೆಯ ಹಾಗೆ. ಆಮೇಲೆ ಗಾಡಿ ಎಳೆಯುವುದಿಲ್ಲ, ನಿಂತಲ್ಲಿ ನಡುಗುತ್ತದೆ, ಏರು ಬಂದರೆ ಒಳಗಿನಿಂದ ಟಕಟಕ ಅನ್ನುತ್ತದೆ. ಮೊದಲೆಲ್ಲ ಇದಕ್ಕೆ ಒಂದೇ ದಾರಿ, ಇಂಜಿನ್ನಿನ ಹೆಡ್ ಬಿಚ್ಚಿ ಕೂತು ಕೆರೆಯುವುದು. ಆಮೇಲೆ ಕಾರ್ಬನ್ ಕರಗಿಸುವ ದ್ರಾವಣದ ಬಾಟಲಿಗಳು ಬಂದವು. ಪೆಟ್ರೋಲ್ ಟ್ಯಾಂಕಿಗೆ ಒಂದು ಬಾಟಲಿ ಸುರಿದು ಗಾಡಿಯನ್ನು ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ, ಕಾರ್ಬನ್ ಸ್ವಲ್ಪಸ್ವಲ್ಪವೇ ಸಡಿಲವಾಗಿ, ಉರಿದು, ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಶುರುವಿನಲ್ಲಿ ಬಾಟಲಿ ಮಾರುವವರನ್ನು ನಾನು ಬಾಗಿಲಿನಿಂದಲೇ ಓಡಿಸುತ್ತಿದ್ದೆ. ಒಬ್ಬನನ್ನಂತೂ, ಹೊಟ್ಟೆನೋವಿಗೂ ಇದನ್ನೇ ಕೊಡ್ತೀಯೇನಪ್ಪ ಎಂದು ಕೇಳಿ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದೆ. ಆಮೇಲೊಂದು ದಿನ ನನ್ನ ಸ್ವಂತ ಗಾಡಿಗೇ ಹಾಕಿ ನೋಡಿದೆ. ಕೆಲಸ ಮಾಡಿತು. ಗ್ಯಾರೇಜಿನ ಇನ್ನೆರಡು ಗಾಡಿಗೆ ಹಾಕಿದೆ, ಅವಕ್ಕೂ ಕೆಲಸ ಮಾಡಿತು. ಮುಂದೆ ನೀವು ನನ್ನನ್ನು ಏನು ಬೇಕಾದರೂ ಅನ್ನಿ, ಬಾಟಲಿಯಲ್ಲಿ ಮೋಸ ಇರಲಿಲ್ಲ.

ಮೋಸ ಇದ್ದದ್ದು ತಟ್ಟೆಯಲ್ಲಿ. ಬಾಟಲಿ ಹಾಕಿಸಿಕೊಂಡ ಮೊದಲ ಗಿರಾಕಿ ನಮ್ಮ ಬೀದಿಯ ಔಷಧಿ ಅಂಗಡಿಯವರು. ಗಾಡಿ ಸೊಗಸಾಗಿ ಓಡುತ್ತಿತ್ತು. ಆದರೂ ಅವರು ಬಾನೆಟ್ಟಿನೊಳಗೆ ಇಣುಕಿ, ಗಾಡಿಯ ಕೆಳಗೆ ಬಗ್ಗಿ, ಎಲ್ಲಿ ಕಾರ್ಬನ್ ಅಂದರು. ಹೊಗೆಯಾಗಿ ಹೋಯಿತು ಅಂದೆ. ಅವರು ನಕ್ಕರು. ಸಂಜೆಯೊಳಗೆ, ಇವನು ಟ್ಯಾಂಕಿಗೆ ನೀರು ಹಾಕಿ ಕಳಿಸಿದ ಎಂದು ಇಡೀ ಬೀದಿಗೆ ಸಾರಿದರು. ಬೆಳಗಾದರೆ ಬಾಟಲಿಯಲ್ಲಿ ಔಷಧಿ ಮಾರುವ ಮನುಷ್ಯ! ಅವರ ಗಿರಾಕಿ ವಾಪಸ್ ಬಂದು, ನನ್ನ ಕೆಮ್ಮು ಎಲ್ಲಿ ಹೋಯಿತು ತೋರಿಸಿ ಎಂದಿದ್ದರೆ ಏನು ಮಾಡುತ್ತಿದ್ದರೋ. ನನಗೆ ಪಿತ್ತ ನೆತ್ತಿಗೇರಿತು. ತೋರಿಸಬೇಕಾ, ತೋರಿಸ್ತೀನಿ ಇರಿ ಅಂದುಕೊಂಡೆ. ಮುಂದಿನ ವಾರ, ಇನ್ನೊಂದು ಸಲ ಪುಕ್ಕಟೆ ನೋಡಿಕೊಡುತ್ತೇನೆಂದು ಅವರ ಗಾಡಿ ತರಿಸಿ, ಒಂದು ಗಂಟೆ ಒಳಗೆ ನಿಲ್ಲಿಸಿಕೊಂಡು, ತಟ್ಟೆಯ ತುಂಬ ಕಾರ್ಬನ್ ತಂದು ಅವರ ಮುಂದಿಟ್ಟೆ. ಅಯ್ಯಯ್ಯೋ ಅಂದರು. ಅದನ್ನೂ ಬೀದಿಗೆಲ್ಲ ಸಾರಿದರು.

ಆ ಕಾರ್ಬನ್ ಅವರ ಗಾಡಿಯದ್ದಲ್ಲ. ಅದಕ್ಕೂ ಒಂದು ವರ್ಷ ಹಿಂದೆ ಬಿಚ್ಚಿದ್ದ ಲಾಂಡ್ರಿಯವರ ಹಳೇ ವ್ಯಾನಿನದ್ದು. ಅಂಥ ಕಾರ್ಬನ್ ನಾನು ಜನ್ಮದಲ್ಲಿ ನೋಡಿರಲಿಲ್ಲ, ಚಕ್ಕೆ ಚಕ್ಕೆಯಾಗಿ ಎದ್ದು ಬಂದಿತ್ತು. ಎಸೆಯಲು ಮನಸ್ಸಾಗದೆ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದೆ. ಔಷಧಿ ಅಂಗಡಿಯವರ ಮೇಲಿನ ಸಿಟ್ಟಿಗೆ ಅದನ್ನು ಇಳಿಸಿದವನು ಮತ್ತೆ ಮೇಲಿಡಲಿಲ್ಲ. ಬಾಟಲಿ ಹಾಕುವುದು, ಗಾಡಿ ಓಡಿಸುವುದು, ಡಬ್ಬಿಯಿಂದ ತಟ್ಟೆಗೆ ಸುರಿಯುವುದು, ತೋರಿಸುವುದು, ಅವರು ಹೋದ ಮೇಲೆ ತಟ್ಟೆಯಿಂದ ಮತ್ತೆ ಡಬ್ಬಿಗೆ. ಎರಡು ವರ್ಷ ಹೀಗೇ ನಡೆಯಿತು. ಕೆಲಸ ಸರಿಯಾಗಿ ಮಾಡಿಕೊಟ್ಟಿದ್ದೇನೆ, ಅವರ ಸಮಾಧಾನಕ್ಕೆ ಒಂದಿಷ್ಟು ಕರಿ ತೋರಿಸಿದರೆ ಯಾರ ಗಂಟು ಹೋಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ವ್ಯಾನ್ ಬಿಚ್ಚಿದ ದಿನ ನನ್ನ ಜೊತೆ ಭಾವ ಇದ್ದರು, ನಮ್ಮ ಅಕ್ಕನ ಗಂಡ. ಅಪ್ಪ ಅಮ್ಮ ಇಲ್ಲದ ನನ್ನನ್ನು ಹನ್ನೆರಡನೇ ವಯಸ್ಸಿನಿಂದ ಸಾಕಿದವರು ಅಕ್ಕ ಮತ್ತು ಭಾವ. ನನ್ನ ಮೊದಲ ಸ್ಪ್ಯಾನರ್ ಸೆಟ್ಟು ಭಾವ ಕೊಡಿಸಿದ್ದು. ಅವರು ಡ್ರೈವರು. ಸದಾ ಕೈಯಲ್ಲೊಂದು ಬಟ್ಟೆ ಹಿಡಿದು ಕಾರು ಒರೆಸುತ್ತಲೇ ಇರುವುದರಿಂದ ಉಳಿದ ಡ್ರೈವರುಗಳೆಲ್ಲ ಅವರನ್ನು ಒರಸಪ್ಪ ಎಂದು ಕರೆಯುತ್ತಿದ್ದರು, ಅವರೂ ಓ ಅನ್ನುತ್ತಿದ್ದರು. ಅವತ್ತು ಅವರಿಗೆ ರಜೆ, ಸುಮ್ಮನೆ ಕೂರಲಾರದೆ ಗ್ಯಾರೇಜಿಗೆ ಬಂದಿದ್ದರು. ಒಂದು ಬೋಲ್ಟು ಬಿಚ್ಚಿಕೊಳ್ಳದೆ ನನಗೆ ತಲೆಕೆಟ್ಟು ಹೋಗಿ, ಕೈಯಲ್ಲಿದ್ದ ಮರದ ಕೆರೆಪಟ್ಟಿಯನ್ನು ಗೋಡೆಗೆ ಬೀಸಿ ಒಗೆದಿದ್ದೆ, ಅದು ಎರಡು ತುಂಡಾಗಿತ್ತು. ಪಿಸ್ಟನ್ನಿನ ತಲೆ ಅಲ್ಯುಮಿನಿಯಮ್ಮು, ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಭಾವ ಜೇಬಿನಿಂದ ತಮ್ಮ ನೀಲಿ ಪ್ಲಾಸ್ಟಿಕ್ಕಿನ ಬಾಚಣಿಗೆ ತೆಗೆದರು. ಅವರ ತಲೆಯಲ್ಲಿ ಕೂದಲು ಉಳಿದದ್ದು ಕಿವಿಯ ಮೇಲೆ ಮಾತ್ರ. ಇಲ್ಲಂತೂ ಬಾಚೋಕೆ ಏನಿಲ್ಲ, ನಿನ್ನ ಪಿಸ್ಟನ್ನಿಗಾದರೂ ಕೆಲಸಕ್ಕೆ ಬರಲಿ ಎಂದು ನಕ್ಕು, ತಾವೇ ಕೂತು ಕೆರೆದರು. ಬಾಚಣಿಗೆಯ ಒಂದು ಹಲ್ಲು ಮುರಿದು ಕಾರ್ಬನ್ನಿನಲ್ಲಿ ಸೇರಿಹೋಯಿತು.

ಆ ಹಲ್ಲು ಡಬ್ಬಿಯಲ್ಲಿರುವುದು ನನಗೆ ಗೊತ್ತಿತ್ತು. ಎಷ್ಟೋ ಸಲ ಕಣ್ಣಿಗೆ ಬಿದ್ದಿತ್ತು. ಆರಿಸಿ ಎಸೆಯುವುದು ಒಂದು ನಿಮಿಷದ ಕೆಲಸ, ಮಾಡಿರಲಿಲ್ಲ. ಒಂದು ಸಲ ಹಲ್ಲಿನ ಡಾಕ್ಟರಮ್ಮ ತಟ್ಟೆಯ ಮೇಲೆ ಬಗ್ಗಿ, ಇದೇನು ನೀಲಿ ಎಂದು ಕೇಳಿದ್ದರು. ತಾಮ್ರದ ಅಂಶ ಕಾದು ಕಾದು ಹಾಗೆ ಕಡ್ಡಿಯಾಗುತ್ತದೆ ಎಂದು ನಾನು ಕಣ್ಣು ಮಿಟುಕಿಸದೆ ಹೇಳಿದೆ. ಅವರು ಹೌದಾ ಎಂದು ತಲೆಯಾಡಿಸಿ, ಮನೆಯವರಿಗೆ ತೋರಿಸಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಈಗ ಅದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಭಾವ ಕೆಲಸ ಮಾಡುತ್ತಿದ್ದದ್ದು ಒಬ್ಬ ನಿವೃತ್ತ ನ್ಯಾಯಾಧೀಶೆಯ ಮನೆಯಲ್ಲಿ. ಎಲ್ಲರೂ ಅವರನ್ನು ಜಡ್ಜಮ್ಮ ಎನ್ನುತ್ತಿದ್ದರು. ಒಂಟಿ ಹೆಂಗಸು, ಗಡಿಯಾರದ ಮುಳ್ಳಿನ ಹಾಗೆ ಬದುಕುವವರು. ಭಾವ ಅಲ್ಲಿ ಹದಿನಾಲ್ಕು ವರ್ಷದಿಂದ ಇದ್ದರು. ಆ ಮನೆಯ ಒಂದು ಕಟ್ಟುನಿಟ್ಟೆಂದರೆ, ಕಾರು ಎಲ್ಲಿ ಕಾಯುತ್ತ ನಿಂತರೂ ಇಂಜಿನ್ ಆಫ್ ಆಗಿರಬೇಕು. ಜಡ್ಜಮ್ಮನವರಿಗೆ ದಮ್ಮಿನ ಕಾಯಿಲೆ, ಹೊಗೆ ಕಂಡರೆ ಆಗುವುದಿಲ್ಲ. ಉಳಿದ ಡ್ರೈವರುಗಳು ಬಿಸಿಲಿನಲ್ಲಿ ಏಸಿ ಹಾಕಿಕೊಂಡು ಗೊರಕೆ ಹೊಡೆಯುವಾಗ ಭಾವ ಕಾರಿನ ನಾಲ್ಕೂ ಗಾಜು ಇಳಿಸಿ, ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಕೂತಿರುತ್ತಿದ್ದರು. ನಾನೇ ಎಷ್ಟೋ ಸಲ ನೋಡಿದ್ದೇನೆ, ಬೆನ್ನಿಗೆ ಬಿಳಿ ಶರ್ಟು ಅಂಟಿಕೊಂಡಿರುತ್ತಿತ್ತು. ಇಲ್ಲಿ ಯಾರು ನೋಡೋಕೆ ಬರ್ತಾರೆ ಭಾವ, ಏಸಿ ಹಾಕ್ಕೊಳ್ಳಿ ಎಂದಿದ್ದೆ. ನೋಡಲ್ಲ ಅಂತಾನೇ ಅಲ್ವೇನೋ ಆಫ್ ಮಾಡೋದು ಎಂದಿದ್ದರು.

ಜಡ್ಜಮ್ಮನವರ ಕಾರು ಏರಿನಲ್ಲಿ ಟಕಟಕ ಅನ್ನಲು ಶುರುವಾಯಿತು. ಹಳೇ ಗಾಡಿ, ಲೈಬ್ರರಿಗೆ ಮತ್ತು ಆಸ್ಪತ್ರೆಗೆ ಹತ್ತಿರ ಹತ್ತಿರಕ್ಕಷ್ಟೇ ಓಡುವುದು, ಸ್ವಲ್ಪ ಕಾರ್ಬನ್ ಕಟ್ಟುವುದು ಸಹಜ. ಭಾವ ಎಂದಿನಂತೆ ಕೀಲಿ ನನ್ನ ಕೈಗೆ ಹಾಕಿ ಹೊರಟುಹೋದರು. ಅವರು ಯಾವತ್ತೂ ನಿಂತು ನೋಡಿದವರಲ್ಲ, ನಿನ್ನ ಕೆಲಸ ನಿನಗೆ ಬಿಟ್ಟದ್ದು ಎನ್ನುತ್ತಿದ್ದರು. ನಾನು ಬಾಟಲಿ ಹಾಕಿದೆ, ಹೆದ್ದಾರಿಯಲ್ಲಿ ಎರಡು ದಿನ ಓಡಿಸಿದೆ, ಟಕಟಕ ನಿಂತಿತು. ಮೂರನೇ ದಿನ ಬೆಳಿಗ್ಗೆ ಭಾವನ ಜೊತೆ ಆಟೋದಲ್ಲಿ ಜಡ್ಜಮ್ಮನವರೂ ಬಂದಿಳಿದರು. ಅವರು ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಮನುಷ್ಯರು ಬಾಗಿಲಿಗೆ ಬಂದಿದ್ದಾರೆ, ನನ್ನ ಜಂಬ ಕೇಳಬೇಕೆ. ಒಳಗೆ ಓಡಿ ಡಬ್ಬಿ ತೆಗೆದು ತಟ್ಟೆಗೆ ಸುರಿದೆ. ಭಾವ ಅಲ್ಲೇ ನಿಂತಿದ್ದಾರೆ ಎನ್ನುವುದು ಆ ಕ್ಷಣ ನನ್ನ ತಲೆಗೇ ಹೋಗಲಿಲ್ಲ.

ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು ತಟ್ಟೆ ನೋಡಿದರು. ಅಯ್ಯಯ್ಯೋ ಅನ್ನಲಿಲ್ಲ. ಇಷ್ಟೊಂದು ಯಾಕೆ ಕಟ್ಟುತ್ತೆ ಎಂದು ಕೇಳಿದರು. ಅಲ್ಲಿಗೆ ನಾನು ಬಾಯಿ ಮುಚ್ಚಬಹುದಿತ್ತು. ಕೇಳಿದ್ದಕ್ಕೆ ವಿದ್ವಾಂಸನ ಹಾಗೆ ನಾಲಿಗೆ ಹರಿಬಿಟ್ಟೆ. ಸಣ್ಣ ಸಣ್ಣ ಓಡಾಟ, ಕೆಟ್ಟ ಪೆಟ್ರೋಲು, ಎಲ್ಲಕ್ಕಿಂತ ಹೆಚ್ಚಾಗಿ ಗಾಡಿ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಇಂಜಿನ್ ಚಾಲೂ ಇಡುವುದು, ಇಷ್ಟು ಕಟ್ಟಬೇಕೆಂದರೆ ಅದೇ ಇರಬೇಕು ಎಂದೆ. ಹೇಳುತ್ತ ಹೇಳುತ್ತಲೇ ಜಡ್ಜಮ್ಮನವರ ಮುಖ ಭಾವನ ಕಡೆ ತಿರುಗಿದ್ದನ್ನು ಕಂಡೆ.

"ನೀವು ಯಾವಾಗಲೂ ಆಫ್ ಮಾಡ್ತೀನಿ ಅಂತಿದ್ರಲ್ಲ" ಅಂದರು. ದನಿ ಏರಿರಲಿಲ್ಲ.

ಭಾವ ಮುಂದೆ ಬಂದು ತಟ್ಟೆಯ ಮೇಲೆ ಬಗ್ಗಿದರು. ಎರಡು ಬೆರಳಿನಲ್ಲಿ ಕಾರ್ಬನ್ ಚಿವುಟಿ, ಪರೀಕ್ಷೆ ಮಾಡುವವರ ಹಾಗೆ ಉಜ್ಜಿದರು. ನನ್ನ ಮುಖ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. ಕೈಯನ್ನು ಜೇಬಿಗೆ ಇಳಿಸಿ, "ಹೌದಮ್ಮ, ಕಾರ್ಬನ್ನೇ" ಎಂದರು. ಮತ್ತೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರನೆಯ ದಿನ ಜಡ್ಜಮ್ಮ ಕೀಲಿ ವಾಪಸ್ ಇಸಿದುಕೊಂಡರಂತೆ. ಸುಳ್ಳು ಹೇಳುವವರ ಜೊತೆ ನಾನು ಒಂದೇ ಗಾಡಿಯಲ್ಲಿ ಕೂರಲಾರೆ ಎಂದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ನಾನು ಹೂಂಗುಟ್ಟಿದೆ. ಒಂದು ವಾರದಲ್ಲಿ ಅವರೇ ತಣ್ಣಗಾಗಿ ಕರೆಸುತ್ತಾರೆ ಬಿಡಕ್ಕ ಎಂದು ಸಮಾಧಾನ ಹೇಳಿದೆ, ನನ್ನ ನಾಲಿಗೆಗೆ ಅಷ್ಟು ಸೊಕ್ಕು. ಆ ವಾರವೆಲ್ಲ ಒಳಗೊಳಗೇ ಭಾವನ ಮೇಲೆಯೇ ರೇಗಿಕೊಂಡೆ. ವಾದ ಮಾಡಬಾರದಿತ್ತೇ, ಇಲ್ಲಮ್ಮ ನಾನು ಹಾಗೆ ಮಾಡಿಲ್ಲ ಅನ್ನಬಾರದಿತ್ತೇ, ಬಾಯಿಗೆ ಬೀಗ ಯಾಕೆ ಹಾಕಿಕೊಂಡರು ಎಂದು. ನನ್ನ ಬಾಯಿಯ ಬೀಗದ ಬಗ್ಗೆ ಯೋಚಿಸಲಿಲ್ಲ. ಹೋಗಿ ಹೇಳಿದರೆ ಡಬ್ಬಿಯ ವಿಷಯ ಹೊರಬೀಳುತ್ತದೆ, ಗ್ಯಾರೇಜಿನ ಮಾನ ಹರಾಜಾಗುತ್ತದೆ, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಸುದ್ದಿ ಡ್ರೈವರುಗಳಲ್ಲಿ ಹರಡಿತು. ಹದಿನಾಲ್ಕು ವರ್ಷ ಆಫ್ ಮಾಡ್ತೀನಿ ಅಂತ ಹೇಳಿ ಒಳಗೆ ತಣ್ಣಗೆ ಮಲಗ್ತಿದ್ನಂತೆ ಒರಸಪ್ಪ ಎಂದು ಅವರಿಗೆ ಒಳ್ಳೇ ತಮಾಷೆ ಸಿಕ್ಕಿತು. ಏಸಿ ಸಾಹೇಬ್ರು ಎಂದು ಹೊಸ ಹೆಸರಿಟ್ಟರು. ಭಾವ ಎರಡು ಕಡೆ ಕೆಲಸ ಕೇಳಿದರು. ಎರಡೂ ಕಡೆಯವರು ಜಡ್ಜಮ್ಮನವರಿಗೆ ಫೋನು ಮಾಡಿ ವಿಚಾರಿಸಿದರು, ಎರಡೂ ಕಡೆ ಆಗಲಿಲ್ಲ.

ಹತ್ತೊಂಬತ್ತನೇ ದಿನ ಅಕ್ಕನ ಮನೆಗೆ ಹೋದೆ. ಅಷ್ಟು ದಿನ ಕೆಲಸದ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಭಾವ ಇನ್ನೂ ಐದಕ್ಕೇ ಏಳುತ್ತಾರೆ, ಸ್ನಾನ ಮಾಡಿ ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ, ಆಮೇಲೆ ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ಒರೆಸುತ್ತಾರೆ ಎಂದಳು. ಫ್ಯಾನು, ಕಿಟಕಿ, ಸ್ವಿಚ್ಚು, ಪಾತ್ರೆ, ಒಂದೂ ಬಿಟ್ಟಿಲ್ಲವಂತೆ. ನಗಲು ಹೋಗಿ ಅವಳಿಗೆ ಆಗಲಿಲ್ಲ. ಆಮೇಲೆ ಏನೋ ನೆನಪಾಗಿ, ಸೋಪಿನ ಡಬ್ಬಿಯ ಪಕ್ಕದಿಂದ ಒಂದು ಸಣ್ಣ ಕಡ್ಡಿ ಎತ್ತಿ ನನ್ನ ಅಂಗೈಗೆ ಹಾಕಿದಳು.

"ಇದು ನಿನ್ನ ಗ್ಯಾರೇಜಿಂದೇ ಇರಬೇಕು ಕಣೋ. ಅವತ್ತಿಂದ ಅವರ ಜೇಬಲ್ಲೇ ಇತ್ತು. ಒಗೆಯೋಕೆ ಹಾಕುವಾಗ ತೆಗೆದಿಟ್ಟುಕೊಳ್ತಾರೆ, ಆಮೇಲೆ ಮತ್ತೆ ಹೊಸ ಶರ್ಟಿನ ಜೇಬಿಗೆ ಹಾಕ್ಕೊಳ್ತಾರೆ. ಇವತ್ತು ಮರೆತಿದಾರೆ. ಜೇಬಿಗೆಲ್ಲ ಮಸಿ ಹಿಡಿದು ಬಿಟ್ಟಿದೆ, ಎಷ್ಟು ಉಜ್ಜಿದ್ರೂ ಹೋಗಲ್ಲ."

ನೀಲಿ ಬಾಚಣಿಗೆಯ ಹಲ್ಲು. ಅವತ್ತು ತಟ್ಟೆಯ ಮೇಲೆ ಬಗ್ಗಿದ್ದು ಪರೀಕ್ಷೆ ಮಾಡಲು ಅಲ್ಲ. ಇದು ಜಡ್ಜಮ್ಮನವರ ಕಣ್ಣಿಗೆ ಬೀಳದ ಹಾಗೆ ಎತ್ತಿಕೊಳ್ಳಲು. ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾದ ಮೇಲೂ ಕಾರ್ಬನ್ನೇ ಎಂದಿದ್ದರು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಕ್ಕನ ಮುಂದೆ ನಿಲ್ಲಲಾರದೆ ಒಳಗೆ ಹೋದೆ.

ಭಾವ ಪೇಪರ್ ಮುದ್ದೆ ಮಾಡಿ ಕಿಟಕಿಯ ಗಾಜು ಉಜ್ಜುತ್ತಿದ್ದರು. ನಾನು ಅಂಗೈ ಚಾಚಿದೆ. ಅವರು ಒಂದು ಸಲ ನೋಡಿ ಮತ್ತೆ ಗಾಜಿಗೆ ತಿರುಗಿದರು. ಯಾಕೆ ಹೇಳಲಿಲ್ಲ ಎಂದು ನಾನು ಕೇಳದೆಯೂ ಅವರೇ ಹೇಳಿದರು.

"ಹೇಳಿದ್ರೆ ನೀನು ಶಟರ್ ಎಳ್ಕೊಂಡು ಕೂರಬೇಕಾಗಿತ್ತು. ನನಗೇನು, ಇನ್ನೊಂದು ಗಾಡಿ ಸಿಗುತ್ತೆ ಅಂದ್ಕೊಂಡೆ." ಸ್ವಲ್ಪ ಹೊತ್ತು ಉಜ್ಜಿದರು. "ನೀನೇ ಹೋಗಿ ಹೇಳ್ತೀಯ ಅಂತ ನಾಲ್ಕು ದಿನ ಕಾದೆ ಕಣೋ. ಆಮೇಲೆ ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಎರಡು ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ನಾಲ್ಕು ದಿನ ಕಾದರು ಎನ್ನುವುದನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು. ಗ್ಯಾರೇಜಿಗೆ ಹೋಗಿ ಡಬ್ಬಿ ಮತ್ತು ತಟ್ಟೆ ಒಂದು ಚೀಲಕ್ಕೆ ಹಾಕಿಕೊಂಡು ನೇರ ಜಡ್ಜಮ್ಮನವರ ಮನೆಗೆ ನಡೆದೆ.

ಅವರು ಮುಂದಿನ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಬಾಟಲಿ, ವ್ಯಾನು, ಡಬ್ಬಿ, ಬಾಚಣಿಗೆ. ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಹೇಳಿ ಮುಗಿಸಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ ಇತ್ತು. ಅವರು ಪುಸ್ತಕದಲ್ಲಿ ಗುರುತಿಟ್ಟು ಮುಚ್ಚಿದರು.

"ಅವರು ನಿಮಗೇನಾಗಬೇಕು?"

"ಭಾವ."

"ಅವತ್ತು ನೀವು ಹೇಳಿದ್ದು ಸುಳ್ಳು ಅಂತ ನೀವೇ ಒಪ್ಕೊಳ್ತಿದೀರ. ಇವತ್ತು ಹೇಳ್ತಿರೋದು ನಿಮ್ಮ ಭಾವನ್ನ ಉಳಿಸೋಕೆ ಹೇಳ್ತಿರೋ ಸುಳ್ಳಲ್ಲ ಅಂತ ನಾನು ಹೇಗೆ ತಿಳ್ಕೊಳ್ಲಿ?"

ಬೇಕಾದರೆ ಈಗಲೇ ಇಂಜಿನ್ ಬಿಚ್ಚಿ ತೋರಿಸುತ್ತೇನೆ ಎಂದೆ. ಬಿಚ್ಚಿದರೆ ಒಳಗೆ ಏನು ಕಾಣುತ್ತದೆ ಎಂದು ಕೇಳಿದರು. ಕ್ಲೀನಾಗಿ ಕಾಣುತ್ತದೆ ಎಂದೆ. ಯಾಕೆ ಎಂದರು. ಬಾಟಲಿ ಹಾಕಿದ್ದೇನಲ್ಲ ಎಂದು ನನ್ನ ಬಾಯಿಂದಲೇ ಬಂತು. ಆ ಇಂಜಿನ್ನಿನಲ್ಲಿ ಕಾರ್ಬನ್ ಎಷ್ಟಿತ್ತು ಎನ್ನುವುದು ಹೊಗೆಯಾಗಿ ಹೋಗಿತ್ತು. ಭಾವ ಹದಿನಾಲ್ಕು ವರ್ಷ ಬಿಸಿಲಿನಲ್ಲಿ ಕೂತದ್ದಕ್ಕೆ ಇದ್ದ ಸಾಕ್ಷಿಯನ್ನು ನಾನೇ ಕೈಯಾರೆ ತೊಳೆದು ಹಾಕಿದ್ದೆ. ಈಗ ಉಳಿದದ್ದು ನನ್ನ ಮಾತು ಮಾತ್ರ, ಅದರ ಬೆಲೆ ಎಷ್ಟೆಂದು ನಾನೇ ಈಗಷ್ಟೇ ಹೇಳಿ ಮುಗಿಸಿದ್ದೆ.

"ಈ ಡಬ್ಬಿ ಇನ್ನೂ ಯಾರಿಗೆಲ್ಲ ತೋರಿಸಿದೀರಿ?" ಎಂದು ಕೇಳಿದರು. ಬಾಟಲಿ ಹಾಕಿಸಿಕೊಂಡ ಎಲ್ಲರಿಗೂ ಎಂದೆ.

"ಅವರಲ್ಲಿ ಇಬ್ಬರನ್ನ ನಾಳೆ ಇಲ್ಲಿಗೆ ಕರ್ಕೊಂಡು ಬನ್ನಿ. ನನಗೆ ಹೇಳಿದ್ದನ್ನ ಅವರ ಮುಂದೆ ಹೇಳಿ."

ಮೊದಲು ಔಷಧಿ ಅಂಗಡಿಗೆ ಹೋದೆ. ಸಂಜೆಯ ಹೊತ್ತು, ಜನ ಚೀಟಿ ಹಿಡಿದು ನಿಂತಿದ್ದರು. ಒಳಗೆ ಬನ್ನಿ ಒಂದು ಮಾತಿದೆ ಎಂದರೆ ಅವರು ಕೇಳಲೊಲ್ಲರು, ಇಲ್ಲೇ ಹೇಳಪ್ಪ ನಮ್ಮವರೇ ಎಲ್ಲ ಎಂದರು. ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ನೀರು ಹಾಕಿದಾನೆ ಅಂತ ನಾನು ಅವತ್ತೇ ಹೇಳಿರಲಿಲ್ಲವಾ ಎಂದು ಚೀಟಿ ಹಿಡಿದವರನ್ನೆಲ್ಲ ಸಾಕ್ಷಿಗೆ ಕರೆದರು. ನೀರಲ್ಲ ಸ್ವಾಮಿ, ಬಾಟಲಿ ನಿಜವಾದದ್ದೇ, ನಿಮ್ಮ ಗಾಡಿ ಎರಡು ವರ್ಷದಿಂದ ಚೆನ್ನಾಗಿ ಓಡ್ತಿಲ್ವಾ ಎಂದು ನಾನು ಹೇಳುತ್ತಲೇ ಇದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಬೇರೆ ದಿನವಾಗಿದ್ದರೆ ಅವರ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅವತ್ತು ಸಿಟ್ಟು ಎಲ್ಲಿ ಹೋಗಿತ್ತೋ, ನೆಲ ನೋಡಿಕೊಂಡು ನಿಂತಿದ್ದೆ.

ಹಲ್ಲಿನ ಡಾಕ್ಟರಮ್ಮ ನಗಲಿಲ್ಲ. ಅವರ ಆಸ್ಪತ್ರೆಯ ಬೆಂಚಿನಲ್ಲಿ ಕೆನ್ನೆ ಹಿಡಿದುಕೊಂಡವರ ನಡುವೆ ಅರ್ಧ ಗಂಟೆ ಕೂತು, ಸರದಿ ಬಂದ ಮೇಲೆ ಒಳಗೆ ಹೋಗಿ ಹೇಳಿದೆ. ಕೈಗವಸು ಬಿಚ್ಚುತ್ತ ಪೂರ್ತಿ ಕೇಳಿದರು. ಮೊಬೈಲು ತೆಗೆದು ಹಳೇ ಫೋಟೋ ಹುಡುಕಿದರು. ತಟ್ಟೆ, ಕರಿಯ ರಾಶಿ, ಮೇಲೆ ನೀಲಿ ಕಡ್ಡಿ.

"ನಾನೂ ಕಿತ್ತ ಹಲ್ಲನ್ನ ಪೇಷೆಂಟಿಗೆ ತೋರಿಸ್ತೀನಿ" ಅಂದರು. "ಅವರದ್ದೇ ಹಲ್ಲು."

ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಜಡ್ಜಮ್ಮನವರ ಪಡಸಾಲೆಯ ಮೇಜಿನ ಮೇಲೆ ತಟ್ಟೆ ಇಟ್ಟು, ಡಬ್ಬಿ ಸುರಿದು, ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಈ ಸಲ ಕಷ್ಟವಾಯಿತು, ತಾಮ್ರದ ಅಂಶ ಎಂದದ್ದನ್ನು ಹೇಳುವಾಗ ಡಾಕ್ಟರಮ್ಮನ ಕಡೆ ನೋಡಲಾಗಲಿಲ್ಲ. ಔಷಧಿ ಅಂಗಡಿಯವರು ತಮಾಷೆ ಮಾಡಲೆಂದು ಬಂದವರು, ಆ ಮನೆಯ ನಿಶ್ಶಬ್ದಕ್ಕೆ ಅವರೂ ತಣ್ಣಗಾಗಿ, ಹೌದು, ನನಗೆ ತೋರಿಸಿದ್ದೂ ಇದೇ ಚಕ್ಕೆಗಳು ಎಂದಷ್ಟೇ ಹೇಳಿದರು. ಜಡ್ಜಮ್ಮ ಡಾಕ್ಟರಮ್ಮನ ಫೋಟೋ ದೊಡ್ಡದು ಮಾಡಿ ನೋಡಿದರು, ತಾರೀಕು ನೋಡಿದರು, ನನ್ನ ಅಂಗೈಯಲ್ಲಿದ್ದ ಹಲ್ಲನ್ನು ತೆಗೆದುಕೊಂಡು ಫೋಟೋದ ಪಕ್ಕದಲ್ಲಿ ಹಿಡಿದರು. ನೀಲಿ ಬಾಚಣಿಗೆ ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ಭಾವ ಪ್ರತಿ ದಿನ ಕಾರು ಹತ್ತುವ ಮೊದಲು ಆ ಮುರುಕು ಬಾಚಣಿಗೆಯಿಂದ ಕಿವಿಯ ಮೇಲಿನ ನಾಲ್ಕು ಕೂದಲು ಬಾಚಿಕೊಳ್ಳುವುದನ್ನು ಅವರು ನೋಡಿಯೇ ಇದ್ದರು.

ಆಮೇಲೆ ಅವರು ಎದ್ದು ಕಾರಿನ ಕೀಲಿ ತಂದು ನನ್ನ ಕೈಗೆ ಕೊಟ್ಟು, ನನ್ನನ್ನ ನಿಮ್ಮ ಭಾವನ ಮನೆಗೆ ಕರ್ಕೊಂಡು ಹೋಗಿ ಎಂದರು. ಹತ್ತೊಂಬತ್ತು ದಿನ ನಿಂತಲ್ಲೇ ನಿಂತಿದ್ದ ಗಾಡಿ ಒಂದೇ ಸಲಕ್ಕೆ ಶುರುವಾಯಿತು. ದಾರಿಯಲ್ಲಿ ಅಕ್ಕನ ಬೀದಿಗೆ ಹತ್ತುವ ಏರು ಬಂತು. ಟಕಟಕ ಇರಲಿಲ್ಲ, ಸದ್ದೇ ಇಲ್ಲದೆ ಏರಿತು.

ಭಾವ ಬಾಗಿಲಿಗೆ ಬಂದರು, ಕೈಯಲ್ಲಿ ಬಟ್ಟೆ ಇತ್ತು. ಜಡ್ಜಮ್ಮನವರನ್ನು ನೋಡಿ ಒಳಗೆ ಹೋಗಿ ಕುರ್ಚಿ ತಂದು, ಒರೆಸಿ, ಹಾಕಿದರು. ಜಡ್ಜಮ್ಮ ಕೂರಲಿಲ್ಲ. "ನನ್ನಿಂದ ತಪ್ಪಾಯ್ತು. ನಿಮ್ಮನ್ನ ಒಂದು ಮಾತು ಸರಿಯಾಗಿ ಕೇಳಬೇಕಿತ್ತು, ಕೇಳಲಿಲ್ಲ. ನೀವು ಕೆಲಸ ಕೇಳಿದ್ದ ಆ ಎರಡೂ ಕಡೆಯವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಬರೋದು ಬಿಡೋದು ನಿಮಗೆ ಬಿಟ್ಟದ್ದು" ಎಂದರು. ಅಕ್ಕ ಬಾಗಿಲ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನೀವು ಕಣ್ಣಿಗೆ ಕಂಡದ್ದನ್ನು ನಂಬಿದಿರಿ, ಅದರಲ್ಲೇನು ತಪ್ಪಮ್ಮ ಎಂದರು ಭಾವ. ನನ್ನ ಕಡೆ ಕೈ ಚಾಚಿದರು. ಕೀಲಿ ಕೊಟ್ಟೆ. ಕಾರಿನ ಗಾಜಿನ ಮೇಲೆ ಧೂಳು ಕೂತಿರುವುದನ್ನು ನೋಡಿ ಲೊಚಗುಟ್ಟಿ, ಮೊದಲು ಅದನ್ನು ಒರೆಸಿ, ಆಮೇಲೆ ಅವರನ್ನು ಕೂರಿಸಿಕೊಂಡು ಹೊರಟರು.

ಡ್ರೈವರುಗಳು ಕೆಲವು ದಿನದಲ್ಲಿ ಮತ್ತೆ ಒರಸಪ್ಪ ಎನ್ನಲು ಶುರು ಮಾಡಿದರು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಬೇರೆ ಗ್ಯಾರೇಜು ನೋಡಿಕೊಂಡರು, ಉಳಿದವರಲ್ಲಿ ತಟ್ಟೆ ಎಲ್ಲಿ ಎಂದು ನಗುವವರೇ ಹೆಚ್ಚು. ತಟ್ಟೆಯಲ್ಲಿ ಈಗ ನಟ್ಟು ಬೋಲ್ಟು ಹಾಕಿಡುತ್ತೇನೆ. ಅಕ್ಕನಿಗೆ ನಾನೇ ಕೂತು ಎಲ್ಲ ಹೇಳಿದೆ. ಒಂದು ವಾರ ಮಾತು ಬಿಟ್ಟಳು, ಆಮೇಲೆ ಅವಳೇ ಊಟಕ್ಕೆ ಕರೆದಳು. ಭಾವನೂ ಊಟದ ಹೊತ್ತಿಗೆ ಮಾತಾಡಿಸುತ್ತಿದ್ದರು, ಸಾರು ಹಾಕ್ಕೋ, ಮಳೆ ಬರೋ ಹಾಗಿದೆ, ಅಷ್ಟು. ಎಲ್ಲ ಮೊದಲಿನ ಹಾಗೇ ಆಯಿತು ಎಂದು ನಾನು ಅಂದುಕೊಂಡಿದ್ದೆ.

ಐದು ತಿಂಗಳ ಮೇಲೆ ಜಡ್ಜಮ್ಮನವರ ಕಾರು ಸರ್ವೀಸಿಗೆ ಬಂತು. ಬೇರೆ ಕಡೆ ಕೊಂಡೊಯ್ಯಬಹುದಿತ್ತು, ಭಾವ ನನ್ನಲ್ಲಿಗೇ ತಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಓಡಿಹೋಗಿ ಬಾಗಿಲು ತೆಗೆದೆ. ಅವರು ಕೀಲಿ ಕೊಟ್ಟರು. ಆದರೆ ಹೊರಟುಹೋಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲು ಎಳೆದು, ಬಟ್ಟೆಯಿಂದ ಒರೆಸಿ, ಬಾನೆಟ್ಟಿನ ಎದುರಿಗೆ ಹಾಕಿಕೊಂಡು ಕೂತರು. ಟೀ ತರಿಸಲೇ ಭಾವ ಎಂದೆ. ಬೇಡ ಎಂದರು. ಪೇಪರ್ ಇದೆ ಓದುತ್ತಿರಿ ಎಂದೆ. ಬೇಡ, ನೀನು ಮಾಡು ಎಂದರು.

ಮೂರೂವರೆ ಗಂಟೆ ಅವರು ಅಲ್ಲಿಂದ ಏಳಲಿಲ್ಲ. ನಾನು ಆಯಿಲ್ ಇಳಿಸಿದ್ದು, ಫಿಲ್ಟರ್ ಬಿಚ್ಚಿದ್ದು, ಪ್ಲಗ್ಗುಗಳನ್ನು ಒಂದೊಂದಾಗಿ ತೆಗೆದು ಒರೆಸಿದ್ದು, ಎಲ್ಲವನ್ನೂ ನೋಡಿದರು. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಆದರೂ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿ ಮಾಡಿ ನೋಡಿದೆ. ಒಂದು ಸ್ಪ್ಯಾನರು ಕೈಜಾರಿ ಬಿತ್ತು, ಅವರೇ ಕೊಡಿಸಿದ ಸೆಟ್ಟಿನದ್ದು. ಮುಗಿದ ಮೇಲೆ ಅಭ್ಯಾಸಬಲದಿಂದ ಹಳೇ ಫಿಲ್ಟರನ್ನು ಎತ್ತಿ, ನೋಡಿ ಭಾವ ಎಷ್ಟು ಕೊಳೆ ಎಂದು ಅವರ ಮುಂದೆ ಹಿಡಿದೆ.

"ತೋರಿಸೋದು ಬೇಡ ಕಣೋ" ಅಂದರು. "ನೋಡ್ತಾನೇ ಇದ್ದೆ."

ಎದ್ದು ಸ್ಟೂಲನ್ನು ಇದ್ದ ಮೂಲೆಗೆ ಇಟ್ಟು, ಕೀಲಿಗಾಗಿ ಕೈ ಚಾಚಿದರು.